ಎನ್‌ಎಚ್35 ಬಿಚ್ಚಿ ಟೈಮ್ ಸರಿ ಮಾಡುವ ನನ್ನ ಅನುಭವ

ಆಸೆಪಟ್ಟು ಕೊಂಡ ಆಟೋಮ್ಯಾಟಿಕ್ ವಾಚ್ ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತದೆ ಅಂತ ಬೇಸರಪಟ್ಟು ಬೀರುವಿಗೆ ಹಾಕಿದವರು ನಮ್ಮ ತುಮಕೂರಿನಲ್ಲೇ ಬೇಕಾದಷ್ಟು ಜನ ಸಿಗುತ್ತಾರೆ. ಅಂಥ ವಾಚುಗಳನ್ನು ಸಂಜೆ ಹೊತ್ತು ಮನೆಯಲ್ಲಿ ಬಿಚ್ಚಿ ಸರಿ ಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಹೆಚ್ಚಿನವುಗಳ ಒಳಗೆ ಇರುವುದು ಒಂದೇ ಮೂವ್‌ಮೆಂಟ್ (ಮುಳ್ಳು ನಡೆಸುವ ಒಳಗಿನ ಮಿಷನ್), ಸೈಕೋ ಕಂಪನಿಯ ಎನ್‌ಎಚ್35.

ಸೈಕೋ ಇದನ್ನು ಬೇರೆ ಕಂಪನಿಗಳಿಗೂ ಮಾರುತ್ತದೆ. ಹಾಗಾಗಿ ಡಯಲ್ ಮೇಲೆ ಯಾವ ಹೆಸರಿದ್ದರೂ ಒಳಗಿನ ಮಿಷನ್ ಇದೇ ಆಗಿರಬಹುದು. 24 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಹರಳು), ಗಂಟೆಗೆ 21,600 ಬಡಿತ, ಅಂದರೆ ಸೆಕೆಂಡಿಗೆ 6. ಪೂರ್ತಿ ಕೀ ಇದ್ದರೆ ಸುಮಾರು 41 ಗಂಟೆ ನಡೆಯುತ್ತದೆ. ಸೈಕೋದ ಹಿಂದಿನ ಮಿಷನ್ 7ಎಸ್26ರಲ್ಲಿ ಕೈಯಿಂದ ಕೀ ಕೊಡಲು ಆಗುತ್ತಿರಲಿಲ್ಲ. ಕ್ರೌನ್ (ಪಕ್ಕದ ತಿರುಪು) ಎಳೆದರೂ ಸೆಕೆಂಡ್ ಮುಳ್ಳು ನಿಲ್ಲುತ್ತಿರಲಿಲ್ಲ. ಇದರಲ್ಲಿ ಎರಡೂ ಆಗುತ್ತವೆ.

ದಿನಕ್ಕೆ 20 ಸೆಕೆಂಡ್ ಹಿಂದೆ ಬೀಳಬಹುದು, 40 ಸೆಕೆಂಡ್ ಮುಂದೆ ಓಡಬಹುದು ಅಂತ ಕಂಪನಿಯೇ ಹೇಳುತ್ತದೆ. ಇದನ್ನು ಓದಿ ಮೂಗು ಮುರಿಯುವವರಿದ್ದಾರೆ. ಆದರೆ ಅದು ಕಂಪನಿ ಹಾಕಿಕೊಂಡ ಹೊರಗಿನ ಗೆರೆ. ಮಿಷನ್ ಆರೋಗ್ಯವಾಗಿದ್ದರೆ, ತಾಳ್ಮೆಯಿಂದ ಕೂತರೆ, ಹತ್ತು ಸೆಕೆಂಡ್ ಒಳಗೆ ತರುವುದು ಕಷ್ಟವಲ್ಲ.

ನನ್ನ ದೊಡ್ಡಪ್ಪ ಇಲ್ಲಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಮಾಡಲು ಶುರು ಮಾಡಿದ ಎಚ್‌ಎಂಟಿ, 1978ರಲ್ಲಿ ತುಮಕೂರಿಗೂ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಇಲ್ಲಿನ ಕಾರ್ಖಾನೆ ಜಾಗ ಈಗ ಇಸ್ರೋ ಕೈಯಲ್ಲಿದೆ. ನಾನೊಮ್ಮೆ ಮಿಯೋಟ 8215 ಮಿಷನ್ ಇರುವ ವಾಚ್ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನೋಡಿದವರೇ, "ಇದು ಸಿಟಿಜನ್ ಮಾಲು ಅಲ್ವೇನೋ?" ಅಂದರು. ಹೌದು, ಮಿಯೋಟ ಸಿಟಿಜನ್‌ದೇ. ಹೆಸರು ಹೇಳದೆ ಗುರುತು ಹಿಡಿದರಲ್ಲ, ನನಗೆ ಎಷ್ಟು ಖುಷಿಯಾಯಿತು!

8215ರಲ್ಲಿ ರೋಟರ್, ಅಂದರೆ ಕೈ ಅಲುಗಿದಾಗ ತಿರುಗಿ ಕೀ ಕೊಡುವ ತೂಕದ ತಟ್ಟೆ, ಒಂದು ಕಡೆ ತಿರುಗಿದಾಗ ಮಾತ್ರ ಕೀ ಆಗುತ್ತದೆ. ಇನ್ನೊಂದು ಕಡೆ ರೋಟರ್ ಸುಮ್ನೆ ಗರಗರ ತಿರುಗುತ್ತದೆ, ಕೈಗೇ ಗೊತ್ತಾಗುತ್ತದೆ. ಎನ್‌ಎಚ್35ರದ್ದು ಬೇರೆ ರೀತಿ. ರೋಟರ್ ಬಿಚ್ಚಿ ನೋಡಿ. ಕವೆಗೋಲಿನಂಥ ಒಂದು ತೆಳು ಸನ್ನೆ (ಲಿವರ್) ಕಾಣುತ್ತದೆ, ಅದಕ್ಕೆ ಎರಡು ತೋಳು. ರೋಟರ್ ಎತ್ತ ತಿರುಗಿದರೂ ಒಂದು ತೋಳು ಚಕ್ರವನ್ನು ಎಳೆಯುತ್ತದೆ ಇಲ್ಲವೇ ಇನ್ನೊಂದು ತಳ್ಳುತ್ತದೆ. ಚಕ್ರ ಮಾತ್ರ ಯಾವಾಗಲೂ ಒಂದೇ ಕಡೆ ತಿರುಗುತ್ತದೆ. ಸೈಕೋ 1959ರಲ್ಲಿ ತಂದ ಈ ಮ್ಯಾಜಿಕ್ ಲಿವರ್ ಇವತ್ತಿಗೂ ಹಾಗೇ ದುಡಿಯುತ್ತಿದೆ. ಇಷ್ಟು ಕಡಿಮೆ ಭಾಗಗಳಲ್ಲಿ ಇಷ್ಟು ಕೆಲಸ ತೆಗೆದವರ ತಲೆಗೆ ಕೈ ಮುಗಿಯಬೇಕು.

ಇನ್ನು ಟೈಮ್ ಸರಿ ಮಾಡುವ ಕೆಲಸ. ವಾಚ್ ಇದ್ದಕ್ಕಿದ್ದಂತೆ ತೀರಾ ಜಾಸ್ತಿ ಮುಂದೆ ಓಡುತ್ತಿದ್ದರೆ ಮೊದಲು ಅಯಸ್ಕಾಂತದ ಮೇಲೆ ಅನುಮಾನ ಪಡಬೇಕು. ಸ್ಪೀಕರ್, ಪರ್ಸಿನ ಗುಂಡಿ, ಮೊಬೈಲ್ ಕವರ್, ಎಲ್ಲದರಲ್ಲೂ ಅದಿರಬಹುದು. ಬಡಿತದ ವೇಗ ಹಿಡಿದಿಡುವ ಹೇರ್‌ಸ್ಪ್ರಿಂಗ್ ಎಂಬ ತೆಳು ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡವಾದಂತೆ ಆಗಿ ಬಡಿತ ಚುರುಕಾಗುತ್ತದೆ. ವಾಚಿನ ಹತ್ತಿರ ದಿಕ್ಸೂಚಿ ಹಿಡಿದಾಗ ಅದರ ಮುಳ್ಳು ಕುಣಿದರೆ, ಅಯಸ್ಕಾಂತದ ಗುಣ ತೆಗೆಯುವ ಡಿಮ್ಯಾಗ್ನೆಟೈಸರ್ ಮೇಲೆ ಇಟ್ಟರೆ ಸಾಕು. ಬಿಚ್ಚುವ ಅಗತ್ಯವೇ ಬರುವುದಿಲ್ಲ.

ಆಮೇಲೆ ಪೂರ್ತಿ ಕೀ. "ಅರ್ಧ ಕೀನಲ್ಲಿ ಟೈಮ್ ನೋಡ್ಬೇಡ ಕಣಪ್ಪ" ಅಂತ ದೊಡ್ಡಪ್ಪ ಹೇಳಿದ್ದನ್ನು ನಾನು ಬಿಟ್ಟಿಲ್ಲ. ಬಡಿತದ ಸದ್ದು ಕೇಳಿ ವೇಗ ಅಳೆದು ಪರದೆಯಲ್ಲಿ ತೋರಿಸುವ ಟೈಮ್‌ಗ್ರಾಫರ್ ಇದ್ದರೆ ಒಳ್ಳೆಯದು. ಸದ್ದಿಲ್ಲದ ಕೋಣೆಯಲ್ಲಿ ಮೊಬೈಲ್ ಆ್ಯಪ್ ಕೂಡ ನಡೆಯುತ್ತದೆ. ಎನ್‌ಎಚ್35ಕ್ಕೆ ಲಿಫ್ಟ್ ಆ್ಯಂಗಲ್ (ಉಪಕರಣ ತನ್ನ ಲೆಕ್ಕಕ್ಕೆ ಕೇಳುವ ಒಂದು ಕೋನ) 53 ಡಿಗ್ರಿ ಅಂತ ಕೊಡಬೇಕು. ಡಯಲ್ ಮೇಲೆ, ಡಯಲ್ ಕೆಳಗೆ, ಕ್ರೌನ್ ಕೆಳಗೆ, ಹೀಗೆ ಬೇರೆ ಬೇರೆ ಭಂಗಿಯಲ್ಲಿ ಇಟ್ಟು ಬರೆದುಕೊಳ್ಳುತ್ತೇನೆ.

ಹಿಂದಿನ ಮುಚ್ಚಳ ತೆಗೆದರೆ ಆಚೀಚೆ ತೂಗುವ ಬ್ಯಾಲೆನ್ಸ್ ಚಕ್ರದ ಮೇಲೆ ಎರಡು ಪುಟ್ಟ ಸನ್ನೆ ಇರುತ್ತವೆ. ಒಂದು ವೇಗಕ್ಕೆ. ಇನ್ನೊಂದು ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮ ಮಾಡುವುದಕ್ಕೆ. ಹೊಸಬರು ಎರಡನೆಯದನ್ನು ಮುಟ್ಟದಿರುವುದೇ ವಾಸಿ. ವೇಗದ ಸನ್ನೆಯನ್ನು ನಾನು ಮರದ ಟೂತ್‌ಪಿಕ್ ತುದಿಯಿಂದ ತಾಕಿಸುತ್ತೇನೆ ಅಷ್ಟೇ. ಕಣ್ಣಿಗೆ ಅಲುಗಿದ್ದು ಕಂಡರೆ ಅದೇ ಜಾಸ್ತಿ ಆಯಿತು ಅಂತ ಲೆಕ್ಕ. ಪರದೆಯ ಮೇಲಿನ ಗೆರೆ ನೆಟ್ಟಗಾಗುತ್ತಾ ಬರುವುದನ್ನು ನೋಡುತ್ತಾ ಕೂತರೆ ಊಟದ ಹೊತ್ತೂ ಮರೆತುಹೋಗುತ್ತದೆ. ಧೂಳು ಕಂಡರೆ ಬಾಯಿಂದ ಊದಬಾರದು, ಎಂಜಲಿನ ಹನಿ ಒಳಗೆ ಬೀಳುತ್ತದೆ. ರಬ್ಬರ್ ಬ್ಲೋವರ್ ಇಟ್ಟುಕೊಳ್ಳಿ.

ಸರಿಯಾದ ಟೈಮೇ ಬೇಕಿದ್ದರೆ ಕ್ವಾರ್ಟ್ಜ್ ವಾಚ್ ಕಟ್ಟಿಕೊಳ್ಳಬಹುದು. ತಿಂಗಳಿಗೆ 15 ಸೆಕೆಂಡ್ ಆಚೀಚೆ ಹೋದರೆ ಹೆಚ್ಚು. ಸ್ವಿಸ್ ಮಿಷನ್‌ಗಳಾದ ಇಟಿಎ 2824 ಅಥವಾ ಸೆಲಿಟಾ ಎಸ್‌ಡಬ್ಲ್ಯೂ200 ಗಂಟೆಗೆ 28,800 ಬಾರಿ ಬಡಿಯುತ್ತವೆ, ಸೆಕೆಂಡ್ ಮುಳ್ಳು ಇನ್ನೂ ನಯವಾಗಿ ಸಾಗುತ್ತದೆ. ಆದರೆ ಅವುಗಳ ಬೆಲೆ ನೋಡಿದರೆ ನಮ್ಮಂಥವರ ಕೈ ನಡುಗುತ್ತದೆ. ಎನ್‌ಎಚ್35 ಬಿಡಿಯಾಗಿ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಅದಕ್ಕೆ ಹೊಂದುವ ಡಯಲ್, ಮುಳ್ಳು, ಕೇಸ್ ಎಲ್ಲವೂ ಸಿಗುತ್ತವೆ. ಭಯವಿಲ್ಲದೆ ಒಳಗೆ ಕೈ ಹಾಕಬಹುದು. ಕೆಟ್ಟರೆ ಇಡೀ ಮೂವ್‌ಮೆಂಟನ್ನೇ ಬದಲಾಯಿಸಬಹುದು. ನನಗೆ ಇದರ ಮೇಲಿರುವ ಅಭಿಮಾನಕ್ಕೆ ಕಾರಣ ಇದೇ.

ಸರಿ ಮಾಡಿಕೊಟ್ಟ ಮೇಲೆ ಗೆಳೆಯರಿಗೆ ಎರಡು ಮಾತು ತಪ್ಪದೆ ಹೇಳುತ್ತೇನೆ. ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ತಾರೀಖು ತಿರುಗಿಸಬೇಡಿ, ಆ ಹೊತ್ತಿನಲ್ಲಿ ತಾರೀಖಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಇನ್ನು, ಹಗಲು ವಾಚ್ ಸ್ವಲ್ಪ ಮುಂದೆ ಓಡುತ್ತಿದ್ದರೆ, ಅದು ಯಾವ ಭಂಗಿಯಲ್ಲಿ ನಿಧಾನವಾಗುತ್ತದೋ ಅದೇ ಭಂಗಿಯಲ್ಲಿ ಮಲಗುವಾಗ ಇಡಿ. ಹಗಲಿನ ಲೆಕ್ಕ ರಾತ್ರಿ ಚುಕ್ತಾ ಆಗುತ್ತದೆ.