ಫ್ಲಿಪ್ ಫೋನಿನ ಕ್ಯಾಮೆರಾ: ಕ್ಲಿಕ್ ಆದ ಮೇಲಿನ ಕೆಲಸ

ಫ್ಲಿಪ್ ಫೋನಿನಲ್ಲಿ, ಅಂದರೆ ಮಡಚಿ ಮುಚ್ಚುವ ಫೋನಿನಲ್ಲಿ, ಫೋಟೋ ತೆಗೆಯುವುದು ಸುಲಭ. ತೆಗೆದದ್ದನ್ನು ಫೋನಿನಿಂದ ಹೊರಗೆ ತರುವುದೇ ದೊಡ್ಡ ಕೆಲಸ. ನಾನು ಅಂಥ ಫೋನನ್ನು ವರ್ಷಗಟ್ಟಲೆ ಬಳಸಿದ್ದೇನೆ. ಅದರಲ್ಲಿ ತೆಗೆದ ಚಿತ್ರಗಳು ಇವತ್ತಿಗೂ ನನ್ನ ಹತ್ತಿರ ಇವೆ. ಆಗ ರೂಢಿ ಮಾಡಿಕೊಂಡ ಕೆಲವು ಅಭ್ಯಾಸಗಳಿಂದಲೇ ಅವು ಉಳಿದವು. ಹಳೆಯ ಫ್ಲಿಪ್ ಫೋನನ್ನು ಇನ್ನೂ ಎತ್ತಿಟ್ಟುಕೊಂಡವರಿಗೆ, ಈಗ ಆಸೆಪಟ್ಟು ಒಂದನ್ನು ಹುಡುಕಿ ತಂದವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಡಚುವ ಫೋನು ಮೊದಲು ಬಂತು, ಕ್ಯಾಮೆರಾ ಆಮೇಲೆ ಸೇರಿತು. ಮೊಟೊರೊಲಾದ ಸ್ಟಾರ್‌ಟ್ಯಾಕ್ 1996ರಲ್ಲೇ ಮಾರುಕಟ್ಟೆಯಲ್ಲಿತ್ತು. ಜಪಾನಿನಲ್ಲಿ 2000ದಲ್ಲಿ ಬಂದ ಶಾರ್ಪ್ ಜೆ-ಎಸ್‌ಎಚ್04 ಫೋನಿನ ಕ್ಯಾಮೆರಾಗೆ ಸುಮಾರು 1,10,000 ಪಿಕ್ಸೆಲ್ ಇದ್ದವು. ಅದು ಮಡಚುವ ಫೋನಾಗಿರಲಿಲ್ಲ. ಸ್ವಲ್ಪ ಕಾಲದಲ್ಲೇ ಎರಡೂ ಕೂಡಿದವು. 2004ರಲ್ಲಿ ಬಂದ ಮೊಟೊರೊಲಾ ರೇಜರ್ ವಿ3ಯಲ್ಲಿ ಇದ್ದದ್ದು ವಿಜಿಎ ಕ್ಯಾಮೆರಾ. ಆ ಕಾಲದ ಎಷ್ಟೋ ಫ್ಲಿಪ್ ಫೋನುಗಳಲ್ಲಿ ಇದ್ದದ್ದೂ ಅದೇ. ವಿಜಿಎ ಅಂದರೆ ಅಡ್ಡಕ್ಕೆ 640, ಉದ್ದಕ್ಕೆ 480. ಗುಣಿಸಿದರೆ 3,07,200 ಪಿಕ್ಸೆಲ್. ನನ್ನ ಫೋನೂ ಇದೇ ಜಾತಿಯದು.

ತೆರೆದು ಮುಚ್ಚುವ ಸುಖದ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮುಚ್ಚಳ ತೆರೆದರೆ ಕರೆ ಸ್ವೀಕಾರ, ಮುಚ್ಚಿದರೆ ಮಾತು ಮುಗಿಯಿತು. ಜೇಬಿನಲ್ಲಿ ಕೀ ಒತ್ತಿಕೊಂಡು ಯಾರಿಗೋ ಕರೆ ಹೋಗುವ ಭಯ ಇಲ್ಲ. ಒಳಗಿನ ಸ್ಕ್ರೀನಿಗೆ ಗೀರು ಬೀಳುವುದಿಲ್ಲ. ಹೆಚ್ಚಿನ ಫೋನುಗಳಲ್ಲಿ ಈ ತೆರೆದು ಮುಚ್ಚುವುದನ್ನು ಗುರುತಿಸುತ್ತಿದ್ದದ್ದು ಮುಚ್ಚಳದೊಳಗಿನ ಪುಟಾಣಿ ಮ್ಯಾಗ್ನೆಟ್ ಮತ್ತು ಕೀಪ್ಯಾಡ್ ಕಡೆ ಇರುವ ಸೆನ್ಸರ್. ಹಾಗಾಗಿ ಮ್ಯಾಗ್ನೆಟ್ ಗುಂಡಿ ಇರುವ ಪೌಚಿಗೆ ತಾಗಿಸಿದರೆ ತೆರೆದ ಫೋನೂ ಮುಚ್ಚಿದೆ ಅಂದುಕೊಂಡು ಸ್ಕ್ರೀನ್ ಆರಿಸಿಬಿಡುತ್ತದೆ. ಫೋನ್ ಕೆಟ್ಟಿತು ಅಂತ ರಿಪೇರಿಗೆ ಓಡುವ ಮೊದಲು ಪೌಚನ್ನು ದೂರ ಇಟ್ಟು ನೋಡಿ.

ಹೊರಗಿನ ಚಿಕ್ಕ ಸ್ಕ್ರೀನ್ ನನಗೆ ಬಹಳ ಇಷ್ಟವಾಗಿತ್ತು. ಟೈಮ್ ನೋಡುವುದಕ್ಕೆ, ಕರೆ ಯಾರದು ಅಂತ ತಿಳಿಯುವುದಕ್ಕೆ ಫೋನ್ ತೆರೆಯಬೇಕಾಗಿರಲಿಲ್ಲ. ಕ್ಯಾಮೆರಾ ಇದ್ದದ್ದು ಅದರ ಪಕ್ಕದಲ್ಲೇ. ಮುಚ್ಚಿದ ಫೋನಿನಲ್ಲಿ ಕ್ಯಾಮೆರಾ ಶುರು ಮಾಡಿದರೆ ಆ ಚಿಕ್ಕ ಸ್ಕ್ರೀನಿನಲ್ಲಿ ನಮ್ಮ ಮುಖವೇ ಕಾಣುತ್ತಿತ್ತು. ಪಕ್ಕದ ಗುಂಡಿ ಒತ್ತಿದರೆ ಕ್ಲಿಕ್. ಹಿಂದಿನ ಕ್ಯಾಮೆರಾ, ಮುಂದಿನ ಕ್ಯಾಮೆರಾ ಅಂತ ಎರಡು ಬೇಕಿರಲಿಲ್ಲ. ಒಂದೇ ಲೆನ್ಸ್ ಎರಡೂ ಕೆಲಸ ಮಾಡುತ್ತಿತ್ತು. ಆ ಕಾಲಕ್ಕೆ ಅದು ನಿಜಕ್ಕೂ ಜಾಣ ವಿನ್ಯಾಸ.

ಆದರೆ ಲೆನ್ಸ್ ಮುಚ್ಚಳದ ಹೊರಮೈಯಲ್ಲಿ ಇದ್ದರೆ ಒಂದು ತೊಂದರೆ ಇದೆ. ಫೋನ್ ತೆರೆಯುವಾಗಲೆಲ್ಲ ಬೆರಳು ಅದರ ಮೇಲೇ ಹೋಗುತ್ತದೆ. ಬೆರಳಿನ ಜಿಡ್ಡು ಕೂತರೆ ಚಿತ್ರವೆಲ್ಲ ಮಂಜು ಕವಿದಂತೆ ಬರುತ್ತದೆ. ಬಲ್ಬುಗಳ ಸುತ್ತ ದೊಡ್ಡ ಪ್ರಭೆ ಕಾಣುತ್ತದೆ. ಎಷ್ಟೋ ಜನ ಆ ಫೋನುಗಳ ಚಿತ್ರ ಮಸುಕು ಅಂತ ಬೈದದ್ದಕ್ಕೆ ಅರ್ಧ ಕಾರಣ ಈ ಜಿಡ್ಡೇ ಅಂತ ನನಗೆ ಅನಿಸುತ್ತದೆ. ಪ್ರತಿ ಸಲ ಹತ್ತಿ ಬಟ್ಟೆಯಿಂದ ಲೆನ್ಸ್ ಒರೆಸಿಯೇ ನಾನು ಫೋಟೋ ತೆಗೆಯುತ್ತಿದ್ದೆ. ಇಡೀ ಬರಹದಲ್ಲಿ ಒಂದೇ ಸಲಹೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ.

ಈ ಕ್ಯಾಮೆರಾಗಳಿಗೆ ಫೋಕಸ್ ಬದಲಿಸಲು ಬರುವುದಿಲ್ಲ. ಲೆನ್ಸನ್ನು ಫ್ಯಾಕ್ಟರಿಯಲ್ಲೇ ಒಂದು ದೂರಕ್ಕೆ ಕೂರಿಸಿ ಅಂಟಿಸಿರುತ್ತಾರೆ. ತೋಳಿನಷ್ಟು ದೂರದಿಂದ ಆಚೆಗೆ ಇರುವುದೆಲ್ಲ ತಕ್ಕಮಟ್ಟಿಗೆ ಸ್ಪಷ್ಟ. ಅದಕ್ಕಿಂತ ಹತ್ತಿರ ಹೋದಷ್ಟೂ ಮಸುಕು. ಹೂವು, ಉಂಗುರ, ಕೀಟ ಇವನ್ನೆಲ್ಲ ನಾನು ಬಿಟ್ಟೇಬಿಟ್ಟೆ. ಕಾಗದದ ಬರಹವೂ ಅಷ್ಟೇ. ಹತ್ತಿರದಿಂದ ತೆಗೆದರೆ ಫೋಕಸ್ ಇಲ್ಲ. ದೂರದಿಂದ ತೆಗೆದರೆ ಪಿಕ್ಸೆಲ್ ಸಾಲದು. ಒಂದು ಸಾಲಿನಲ್ಲಿ 60 ಅಕ್ಷರ ಇದ್ದರೆ, 640 ಪಿಕ್ಸೆಲನ್ನು ಹಂಚಿದಾಗ ಒಂದಕ್ಕೆ ಹತ್ತು ಹನ್ನೊಂದು ಸಿಗುತ್ತವೆ. ಅಷ್ಟರಲ್ಲಿ ಓದುವುದು ಕಷ್ಟ ಅಲ್ವಾ? ದೊಡ್ಡ ಅಕ್ಷರದ ಫಲಕಗಳು ಮಾತ್ರ ಚೆನ್ನಾಗಿ ಬರುತ್ತಿದ್ದವು. ಉದ್ದದ ನೋಟಿಸ್ ಇದ್ದರೆ ಅದನ್ನು ಭಾಗ ಭಾಗವಾಗಿ, ತೋಳಿನಷ್ಟು ದೂರ ನಿಂತು ತೆಗೆಯುತ್ತಿದ್ದೆ.

ಜೂಮ್ ಅಂತ ಒಂದು ಆಯ್ಕೆ ಇತ್ತು. ಅದನ್ನು ಮುಟ್ಟಬೇಡಿ. ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. ಇರುವುದೇ ಮೂರು ಲಕ್ಷ ಪಿಕ್ಸೆಲ್, ಅದರಲ್ಲೂ ಕತ್ತರಿಸಿದರೆ ಇನ್ನೇನು ಉಳಿಯುತ್ತದೆ? ನಾಲ್ಕು ಹೆಜ್ಜೆ ಮುಂದೆ ನಡೆಯುವುದೇ ಒಳ್ಳೆಯ ಜೂಮ್.

ಬೆಳಕಿನ ವಿಷಯಕ್ಕೆ ಬರೋಣ. ಬೆಳಕನ್ನು ಹಿಡಿಯುವ ಆ ಕ್ಯಾಮೆರಾ ಸೆನ್ಸರುಗಳು ಬಹಳ ಚಿಕ್ಕವು. ಬೆಳಕು ಕಡಿಮೆಯಾದ ತಕ್ಷಣ ಚಿತ್ರದಲ್ಲಿ ಬಣ್ಣ ಬಣ್ಣದ ಚುಕ್ಕೆಗಳು ತುಂಬಿಕೊಳ್ಳುತ್ತವೆ. ಎಲ್‌ಇಡಿ ದೀಪ ಇದ್ದ ಫೋನುಗಳಲ್ಲೂ ಆ ಬೆಳಕು ಒಂದೆರಡು ಹೆಜ್ಜೆಗಿಂತ ಆಚೆ ತಲುಪುತ್ತಿರಲಿಲ್ಲ. ಮನೆಯೊಳಗೆ ನಾನು ಮಾಡುತ್ತಿದ್ದದ್ದು ಒಂದೇ. ಕಿಟಕಿಗೆ ನನ್ನ ಬೆನ್ನು, ಎದುರಿನವರ ಮುಖ ಕಿಟಕಿಯ ಕಡೆಗೆ. ಕಿಟಕಿ ಅವರ ಹಿಂದೆ ಬಂದರೆ ಮುಖ ಕಪ್ಪಗಾಗುತ್ತದೆ. ಆಗ ಬ್ರೈಟ್‌ನೆಸ್ ಹೆಚ್ಚಿಸಿದರೆ ಮುಖ ಕಾಣುತ್ತದೆ, ಕಿಟಕಿ ಬೆಳ್ಳಗಾಗಿ ಮಾಯವಾಗುತ್ತದೆ. ಮುಖ ಬೇಕಿದ್ದರೆ ಅದಕ್ಕೆ ಒಪ್ಪಿಕೊಳ್ಳಬೇಕು. ಹೊರಗೆ ಮಧ್ಯಾಹ್ನದ ನೆತ್ತಿಯ ಬಿಸಿಲಿಗಿಂತ ತೆಳು ಮೋಡದ ಬೆಳಕು ಈ ಕ್ಯಾಮೆರಾಗೆ ಹೇಳಿ ಮಾಡಿಸಿದಂತಿರುತ್ತದೆ. ಬೆಳಕು ಸಾಕಷ್ಟು, ನೆರಳು ಕಡಿಮೆ. ನನ್ನ ಹತ್ತಿರ ಇರುವ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಅಂಥ ಹೊತ್ತಿನಲ್ಲಿ ತೆಗೆದವು.

ಗುಂಡಿ ಒತ್ತುವುದಕ್ಕೂ ಚಿತ್ರ ಬರುವುದಕ್ಕೂ ನಡುವೆ ಅಂತರ ಇತ್ತು. ಕ್ಲಿಕ್ ಸದ್ದು ಬಂದ ಮೇಲೂ ಕೈ ಅಲ್ಲಾಡಿಸದೆ ಹಿಡಿದಿರಬೇಕು. ಎದುರಿಗಿದ್ದವರಿಗೂ ಒಂದು ಕ್ಷಣ ಹಾಗೇ ಇರಿ ಅನ್ನುತ್ತಿದ್ದೆ. ಆಮೇಲೆ ಸೇವ್ ಆಗಲು ಇನ್ನೊಂದಿಷ್ಟು ಕಾಯಬೇಕು. ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುವುದರಿಂದ, ಓಡುವ ಬಸ್ಸು ಕಾರುಗಳು ಒಂದು ಕಡೆಗೆ ವಾಲಿದಂತೆ ಬರುತ್ತವೆ. ಆಟ ಆಡುವ ಮಕ್ಕಳನ್ನು ಹಿಡಿಯಬೇಕಾದರೆ ಅವರು ನಿಲ್ಲುವ ಜಾಗವನ್ನು ಮೊದಲೇ ಊಹಿಸಿ ಕಾಯುತ್ತಿದ್ದೆ. ಜಾರುಬಂಡೆಯ ಕೊನೆ, ಉಯ್ಯಾಲೆ ತುದಿಗೆ ಹೋಗಿ ತಿರುಗುವ ಕ್ಷಣ, ಹೀಗೆ.

ಈಗ ಮುಖ್ಯ ವಿಷಯ. ಒಳಗಿನ ಸ್ಕ್ರೀನ್ ಸಾಮಾನ್ಯವಾಗಿ 176 ಅಡ್ಡ, 220 ಉದ್ದ ಇರುತ್ತಿತ್ತು. ಅಂದರೆ 38,720 ಪಿಕ್ಸೆಲ್. ನಾವು ತೆಗೆದ ಚಿತ್ರದ ಸುಮಾರು ಎಂಟನೇ ಒಂದು ಭಾಗ. ಇಷ್ಟು ಕುಗ್ಗಿಸಿ ನೋಡಿದರೆ ಎಲ್ಲವೂ ಚೆಂದವೇ. ಅಲ್ಲಾಡಿದ ಚಿತ್ರವೂ ಸ್ಪಷ್ಟವಾಗಿ ಕಾಣುತ್ತದೆ. ಕಂಪ್ಯೂಟರಿಗೆ ಹಾಕಿದಾಗಲೇ ನಿಜ ತಿಳಿಯುವುದು. ಆದ್ದರಿಂದ ಮುಖ್ಯವಾದ ಸಂದರ್ಭದಲ್ಲಿ ಒಂದೇ ದೃಶ್ಯವನ್ನು ಎರಡು ಮೂರು ಸಲ ತೆಗೆಯುತ್ತಿದ್ದೆ. ಯಾವುದು ಒಳ್ಳೆಯದು ಅನ್ನುವುದನ್ನು ಫೋನಿನಲ್ಲಿ ತೀರ್ಮಾನಿಸುತ್ತಿರಲಿಲ್ಲ.

ಆದರೆ ಹಾಗೆ ತೆಗೆದು ಇಡಲು ಜಾಗ ಬೇಕಲ್ಲ? ಅನೇಕ ಫೋನುಗಳಲ್ಲಿ ಒಟ್ಟು ಮೆಮೊರಿ ಐದು ಎಂಬಿ ಆಸುಪಾಸು. ಒಂದು ವಿಜಿಎ ಚಿತ್ರ 50 ಕೆಬಿ ಅಂದುಕೊಂಡರೆ ಲೆಕ್ಕಕ್ಕೆ ನೂರು ಚಿತ್ರ. ಆದರೆ ರಿಂಗ್‌ಟೋನ್, ವಾಲ್‌ಪೇಪರ್, ಗೇಮ್, ವಿಡಿಯೋ ಎಲ್ಲಕ್ಕೂ ಅದೇ ಜಾಗ. ಸಮಾರಂಭದ ನಡುವೆ ಮೆಮೊರಿ ತುಂಬಿದೆ ಅನ್ನುವ ಸಂದೇಶ ಬಂದರೆ, ಅಲ್ಲೇ ನಿಂತು ಯಾವುದೋ ಹಳೆಯ ಚಿತ್ರವನ್ನು ಅಳಿಸಬೇಕಾಗುತ್ತದೆ. ಅವಸರದಲ್ಲಿ, ಆ ಪುಟ್ಟ ಸ್ಕ್ರೀನ್ ನೋಡಿ ತೆಗೆದುಕೊಳ್ಳುವ ಅಂಥ ನಿರ್ಧಾರ ನನಗೆ ಬಹಳ ಸಂಕಟ ಕೊಡುತ್ತಿತ್ತು. ಅದಕ್ಕೇ ವಾರಕ್ಕೊಮ್ಮೆ ಫೋನ್ ಖಾಲಿ ಮಾಡುವ ಪದ್ಧತಿ ಇಟ್ಟುಕೊಂಡೆ. ಎಲ್ಲಾದರೂ ಹೊರಡುವ ಮುನ್ನ ತಪ್ಪದೆ ಖಾಲಿ ಮಾಡುತ್ತಿದ್ದೆ. ಮೊದಲಿನಿಂದ ಬಂದಿದ್ದ ರಿಂಗ್‌ಟೋನುಗಳಲ್ಲಿ ಅಳಿಸಲು ಬಿಡುವವನ್ನೆಲ್ಲ ಅಳಿಸಿದೆ. ಅದರಿಂದಲೂ ಒಂದಿಷ್ಟು ಚಿತ್ರಕ್ಕೆ ಜಾಗವಾಯಿತು.

ಹೊರಗೆ ತರುವ ದಾರಿಗಳು ಹಲವು ಇದ್ದವು. ಎಂಎಂಎಸ್, ಅಂದರೆ ಸಂದೇಶದಲ್ಲೇ ಚಿತ್ರ ಕಳಿಸುವುದು, ನನಗೆ ಹಿಡಿಸಲಿಲ್ಲ. ಜಿಪಿಆರ್‌ಎಸ್ (ಆಗಿನ ಮೊಬೈಲ್ ಇಂಟರ್ನೆಟ್) ಸೆಟ್ಟಿಂಗ್ ಎರಡೂ ಕಡೆ ಸರಿ ಇರಬೇಕು. ಒಂದು ಸಂದೇಶಕ್ಕೆ ಇಷ್ಟೇ ಕೆಬಿ ಅನ್ನುವ ಮಿತಿ ಇತ್ತು. ಕೆಲವು ಫೋನುಗಳು ಕಳಿಸುವ ಮೊದಲು ಚಿತ್ರವನ್ನು ತಾವೇ ಕುಗ್ಗಿಸುತ್ತಿದ್ದವು. ಖುಷಿಗೆ ಕಳಿಸಲು ಸರಿ, ಉಳಿಸಿಕೊಳ್ಳಲು ಅಲ್ಲ. ಇನ್‌ಫ್ರಾರೆಡ್ ಇದ್ದ ಫೋನುಗಳನ್ನು ಎದುರುಬದುರು ಇಟ್ಟು, ಚಿತ್ರ ಹೋಗುವ ತನಕ ಕದಲಿಸದೆ ಕಾಯಬೇಕಿತ್ತು. ಬ್ಲೂಟೂತ್ ಬಂದ ಮೇಲೆ ನಿಜವಾದ ಬಿಡುಗಡೆ ಸಿಕ್ಕಿತು. ಸುಮಾರು 10 ಮೀಟರ್ ಒಳಗಿದ್ದರೆ ಸಾಕು. ಕಂಪ್ಯೂಟರಿಗೆ ಒಂದು ಯುಎಸ್‌ಬಿ ಬ್ಲೂಟೂತ್ ಡಾಂಗಲ್ ಚುಚ್ಚಿದೆ. ಎರಡೂ ಕಡೆ ಒಂದೇ ಪಾಸ್‌ಕೋಡ್ ಹೊಡೆದೆ. ಆಮೇಲೆ ಪ್ರತಿ ವಾರದ ಕೆಲಸ ಸಲೀಸಾಯಿತು. ಡೇಟಾ ಕೇಬಲ್ ಇನ್ನೂ ವೇಗ, ಆದರೆ ಪ್ರತಿ ಕಂಪನಿಗೆ ಬೇರೆ ತುದಿ, ಬೇರೆ ಸಾಫ್ಟ್‌ವೇರ್. ಕೇಬಲ್ ಸಿಕ್ಕಿದ್ದರೆ ಜೋಪಾನವಾಗಿ ಇಡಿ. ಮೆಮೊರಿ ಕಾರ್ಡ್ ಹಾಕುವ ಫ್ಲಿಪ್ ಫೋನ್ ಇದ್ದವರಿಗೆ ಈ ಕಷ್ಟವೇ ಇಲ್ಲ.

ದಿನಾಂಕದ ವಿಷಯವನ್ನು ಯಾರೂ ಹೇಳುವುದಿಲ್ಲ. ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಕೆಲವು ಫೋನುಗಳ ಗಡಿಯಾರ ಮೊದಲ ದಿನಕ್ಕೆ ಹಿಂದಿರುಗುತ್ತದೆ. ಹಾಗೇ ಫೋಟೋ ತೆಗೆದರೆ ಎಲ್ಲಕ್ಕೂ ಸುಳ್ಳು ತಾರೀಕು. ಬ್ಯಾಟರಿ ಹಾಕಿದ ಕೂಡಲೇ ದಿನಾಂಕ ನೋಡುವುದು ನನ್ನ ರೂಢಿ. ಬ್ಲೂಟೂತ್‌ನಲ್ಲಿ ಬಂದ ಫೈಲಿಗೆ ಕಂಪ್ಯೂಟರ್ ತಾನು ಸ್ವೀಕರಿಸಿದ ದಿನವನ್ನೇ ಹಾಕುವುದೂ ಉಂಟು. ಅದಕ್ಕಾಗಿ ವರ್ಷ, ತಿಂಗಳ ಹೆಸರಿನ ಫೋಲ್ಡರ್ ಮಾಡಿ, ಯಾರು, ಎಲ್ಲಿ ಅಂತ ಫೈಲಿನ ಹೆಸರಿನಲ್ಲೇ ಬರೆಯುತ್ತಿದ್ದೆ. ಇವತ್ತು ಆ ಚಿತ್ರಗಳನ್ನು ನೋಡುವಾಗ ಪಿಕ್ಸೆಲ್ ಕಡಿಮೆ ಅನಿಸುವುದಿಲ್ಲ. ಹೆಸರು ಬರೆದಿಟ್ಟದ್ದೇ ದೊಡ್ಡ ಆಸ್ತಿ ಅನಿಸುತ್ತದೆ.

ಪ್ರಿಂಟ್ ಹಾಕಿಸುವಾಗ ಚಿಕ್ಕದಾಗಿ ಹಾಕಿಸಿ. ಆರು ಇಂಚು ಅಗಲಕ್ಕೆ 640 ಪಿಕ್ಸೆಲ್ ಹರಡಿದರೆ ಇಂಚಿಗೆ ಸುಮಾರು 107 ಬರುತ್ತವೆ. ಹತ್ತಿರದಿಂದ ನೋಡಿದರೆ ಒರಟು. ಮೂರು ಇಂಚಿಗೆ ಇಳಿಸಿದರೆ ಇಂಚಿಗೆ 200 ದಾಟುತ್ತದೆ, ನೋಡಲು ತೃಪ್ತಿಯಾಗುತ್ತದೆ. ಒಂದು ಕಾಗದದಲ್ಲಿ ನಾಲ್ಕು ಚಿತ್ರ ಜೋಡಿಸಿ ಹಾಕಿಸಿ, ಕತ್ತರಿಸಿ ಆಲ್ಬಂಗೆ ಅಂಟಿಸಿದೆ.

ಫ್ಲಿಪ್ ಫೋನಿನ ಆಯುಸ್ಸು ಇರುವುದು ಅದರ ಕೀಲಿನಲ್ಲಿ. ಕೀಪ್ಯಾಡ್ ಕಡೆಯಿಂದ ಸ್ಕ್ರೀನಿಗೆ ಹೋಗುವ ತೆಳ್ಳನೆಯ ಫ್ಲೆಕ್ಸ್ ಕೇಬಲ್ ಆ ಕೀಲಿನೊಳಗೇ ಸುತ್ತಿಕೊಂಡಿರುತ್ತದೆ. ಪ್ರತಿ ಸಲ ತೆರೆದಾಗಲೂ ಅದು ಬಾಗುತ್ತದೆ. ಮಣಿಕಟ್ಟು ಝಾಡಿಸಿ ಫಟ್ ಅಂತ ತೆರೆಯುವುದು ಆಗ ಒಂದು ಶೋಕಿ. ನಾನು ಹೆಬ್ಬೆರಳಿನಿಂದ ನಿಧಾನವಾಗಿ ತೆರೆಯುತ್ತಿದ್ದೆ. ಆದರೂ ಕಡೆಗೊಂದು ದಿನ ಕೇಬಲ್ ಸವೆಯುತ್ತದೆ. ಸೂಚನೆಗಳು ಮೊದಲೇ ಬರುತ್ತವೆ. ಸ್ಕ್ರೀನ್ ಒಂದು ಕೋನದಲ್ಲಿ ಮಾತ್ರ ಸರಿ ಕಾಣುತ್ತದೆ, ಪೂರ್ತಿ ತೆರೆದರೆ ಬೆಳ್ಳಗಾಗುತ್ತದೆ, ಕಿವಿಯ ಸ್ಪೀಕರ್ ಮಾತಿನ ನಡುವೆ ನಿಂತು ಹೋಗುತ್ತದೆ. ನನ್ನ ಫೋನ್ ಹಾಗೆ ಮಿಣುಕಿದ ದಿನವೇ ಎಲ್ಲ ಚಿತ್ರಗಳನ್ನೂ, ನಂಬರುಗಳನ್ನೂ ಹೊರಗೆ ತೆಗೆದಿಟ್ಟೆ. ಸ್ಕ್ರೀನ್ ಪೂರ್ತಿ ಸತ್ತರೆ ಬ್ಲೂಟೂತ್ ಆನ್ ಮಾಡುವುದಕ್ಕೂ ಆಗುವುದಿಲ್ಲ. ಆಮೇಲೆ ಮೆಕ್ಯಾನಿಕ್ ಫ್ಲೆಕ್ಸ್ ಬದಲಾಯಿಸಿಕೊಟ್ಟದ್ದರಿಂದ ಅದು ಮತ್ತೆ ಬಹಳ ಕಾಲ ಬಾಳಿತು.

ಹಳೆಯ ಫೋನನ್ನು ಈಗ ತೆರೆಯುವವರಿಗೆ ಇನ್ನೆರಡು ಮಾತು. ಮೊದಲು ಬ್ಯಾಟರಿ ತೆಗೆದು ಮೇಜಿನ ಮೇಲಿಟ್ಟು ನೋಡಿ. ಉಬ್ಬಿದ್ದರೆ ಚಾರ್ಜ್ ಮಾಡಲೇಬೇಡಿ, ಬೇರೆ ಬ್ಯಾಟರಿ ಹುಡುಕಿ. ಸಿಮ್ ಇಲ್ಲದಿದ್ದರೆ ಕೆಲವು ಫೋನುಗಳು ಗ್ಯಾಲರಿಗೇ ಬಿಡುವುದಿಲ್ಲ. ಕರೆನ್ಸಿ ಇಲ್ಲದ ಹಳೆಯ ಸಿಮ್ ಒಂದನ್ನು ಹಾಕಿದರೂ ಸಾಕಾಗುತ್ತದೆ. 2ಜಿ ನೆಟ್‌ವರ್ಕ್ ನಿಂತಿರುವ ದೇಶಗಳಲ್ಲಿ ಕರೆ ಹೋಗದಿದ್ದರೂ ಕ್ಯಾಮೆರಾ, ಬ್ಲೂಟೂತ್ ಕೆಲಸ ಮಾಡುತ್ತವೆ. ಚಿತ್ರಗಳು ಜೆಪೆಗ್ ಆಗಿರುವುದರಿಂದ ಎಲ್ಲಿ ಬೇಕಾದರೂ ತೆರೆಯುತ್ತವೆ. ವಿಡಿಯೋಗಳು 3ಜಿಪಿ ಫೈಲುಗಳು. ಅವುಗಳ ಅಳತೆ ಹೆಚ್ಚಾಗಿ 176ಕ್ಕೆ 144. ಕಂಪ್ಯೂಟರಿನಲ್ಲಿ ದನಿ ಬರದಿದ್ದರೆ ಫೈಲ್ ಹಾಳಾಗಿದೆ ಅಂದುಕೊಳ್ಳಬೇಡಿ. ಅದರ ಆಡಿಯೋ ಎಎಂಆರ್ ಬಗೆಯದು, ಎಲ್ಲ ಪ್ಲೇಯರುಗಳಿಗೂ ಅದು ಬರುವುದಿಲ್ಲ. ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿ ನೋಡಿ. ಬೇರೆ ನಮೂನೆಗೆ ಬದಲಿಸಿಕೊಂಡರೂ ಮೂಲ 3ಜಿಪಿ ಫೈಲನ್ನು ಅಳಿಸದೆ ಅದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.