ಚಮಚ ಎಣ್ಣೆಗೆ ಒಂದೇ ಹನಿ: ಲ್ಯಾವೆಂಡರ್ ತೈಲ ಹಚ್ಚುವ ಬಗೆ

ಗಲ್ಲದ ಮೇಲೆದ್ದ ಒಂದು ಮೊಡವೆಗೆ ಲ್ಯಾವೆಂಡರ್ ತೈಲವನ್ನು ಹಾಗೇ ಬೆರಳಲ್ಲಿ ಒತ್ತಿ ಮಲಗಿದ್ದೆ. ಬೆಳಿಗ್ಗೆ ಕನ್ನಡಿ ನೋಡಿದರೆ ಮೊಡವೆ ಇದ್ದಲ್ಲೇ ಇತ್ತು. ಅದರ ಸುತ್ತ ರೂಪಾಯಿ ನಾಣ್ಯದಗಲ ಕೆಂಪು, ಮೇಲೆ ರವೆಯಂಥ ಗುಳ್ಳೆಗಳು, ಜೊತೆಗೆ ತುರಿಕೆ. ಆ ಸೀಸೆ ಎರಡು ಬೇಸಿಗೆ ಕಿಟಕಿಯ ಬಿಸಿಲಲ್ಲಿ ಕೂತಿತ್ತು, ಮುಚ್ಚಳವೂ ಸಡಿಲ. ಒಂದೇ ರಾತ್ರಿಯಲ್ಲಿ ಎರಡು ತಪ್ಪು ಮಾಡಿದ್ದೆ: ತೈಲ ಹಳೆಯದು, ಹಚ್ಚಿದ್ದು ಬೇರೆ ಎಣ್ಣೆಗೆ ಬೆರೆಸಿ ತೆಳುವಾಗಿಯಲ್ಲ, ಗಾಢವಾಗಿ.

ನೀಲಗಿರಿ ಎಣ್ಣೆ ಬಳಸಿದವರಿಗೆ ಈ ಜಾತಿಯ ತೈಲದ ಖಾರ ಗೊತ್ತು. ಇದೂ ಹಾಗೆಯೇ ಹಬೆಯಲ್ಲಿ ಭಟ್ಟಿ ಇಳಿಸಿದ್ದು. ಸುಮಾರು ನೂರು ಕಿಲೋ ಹೂವಿನಿಂದ ಬರುವುದು ಕಿಲೋ ಒಂದರ ಆಸುಪಾಸು. ಸಾರಿಗೆ ಇಂಗು ಹಾಕುವ ಕೈ ಇದಕ್ಕೂ ಬೇಕು.

ಏನು ನಿರೀಕ್ಷಿಸಬಹುದು?

ತೈಲದ ಮುಖ್ಯ ಘಟಕಗಳು ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್. ಪ್ರಯೋಗಾಲಯದಲ್ಲಿ ಈ ತೈಲ ಕೆಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆದಿದೆ. ಇಲಿಗಳ ಗಾಯ ಬೇಗ ಕೂಡಿಕೊಂಡದ್ದೂ ವರದಿಯಾಗಿದೆ. ಮನುಷ್ಯರ ಚರ್ಮದ ಮೇಲೆ ನಡೆದ ಪ್ರಯೋಗಗಳು ಸಣ್ಣವು. ಹಾಗಾಗಿ ಕಲೆ ಮಾಯ, ಸುಕ್ಕು ಮಾಯ ಎಂಬ ಜಾಹೀರಾತನ್ನು ನಾನು ನಂಬುವುದಿಲ್ಲ. ಒಣ ಚರ್ಮ ಮೆದುವಾದರೆ ಅದರ ಬಹುಪಾಲು ಶ್ರೇಯ ಜೊತೆಗೆ ಬೆರೆಸಿದ ಎಣ್ಣೆಯದು. ಆ ಪರಿಮಳ ಮಾತ್ರ ದೊಡ್ಡ ಉಪಕಾರ ಮಾಡುತ್ತದೆ: ಹತ್ತು ನಿಮಿಷ ಕೂತು ಕೈಕಾಲು ತಿಕ್ಕಿಕೊಳ್ಳುವ ಮನಸ್ಸು ಬರಿಸುತ್ತದೆ.

ಮೊದಲು ಸೀಸೆ ನೋಡಿ

ಲೇಬಲ್ಲಿನಲ್ಲಿ ಗಿಡದ ಸಸ್ಯಶಾಸ್ತ್ರೀಯ ಹೆಸರು ಇರಬೇಕು: ಲ್ಯಾವಂಡ್ಯುಲ ಅಂಗಸ್ಟಿಫೋಲಿಯ. ಲ್ಯಾವೆಂಡಿನ್ ಅಥವಾ ಸ್ಪೈಕ್ ಲ್ಯಾವೆಂಡರ್ ಎಂದಿದ್ದರೆ ಅದು ಬೇರೆ ಗಿಡ. ಅವುಗಳಲ್ಲಿ ಕರ್ಪೂರದ ಅಂಶ ಹೆಚ್ಚು, ಮುಖಕ್ಕೆ ಒಗ್ಗುವುದು ಕಷ್ಟ. ‘ಫ್ರಾಗ್ರೆನ್ಸ್ ಆಯಿಲ್’ ಎಂದು ಬರೆದಿದ್ದರೆ ಅದು ಬರೀ ಪರಿಮಳ, ಚರ್ಮಕ್ಕೆ ಬೇಡ. ನಮ್ಮ ದೇಶದ್ದೇ ಬೇಕೆಂದರೆ ಜಮ್ಮುವಿನ ದೋಡಾ ಜಿಲ್ಲೆಯ ಭದರ್‌ವಾಹ್ ಕಡೆಯ ತೈಲ ಸಿಗುತ್ತದೆ. ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಅರೋಮಾ ಮಿಷನ್ ಎಂಬ ಯೋಜನೆಯ ನೆರವಿನಿಂದ ಅಲ್ಲಿನ ಎಷ್ಟೋ ರೈತರು ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್ ಬೆಳೆಯುತ್ತಿದ್ದಾರೆ. ‘ನೇರಳೆ ಕ್ರಾಂತಿ’ ಎಂದು ಹೆಸರಾದದ್ದು ಅದೇ.

ಮನೆಗೆ ತಂದ ಮೇಲೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಬಜ್ಜಿ ಇಟ್ಟ ಕಾಗದದಂತೆ ಜಿಡ್ಡಿನ ಕಲೆ ಉಳಿದಿದ್ದರೆ ಬೇರೆ ಎಣ್ಣೆ ಬೆರೆತಿದೆ. ಕಲೆ ಉಳಿಯದಿದ್ದ ಮಾತ್ರಕ್ಕೆ ಅಪ್ಪಟವೆಂದೂ ಅಲ್ಲ, ರಾಸಾಯನಿಕ ಪರಿಮಳ ಬೆರೆಸಿದ್ದನ್ನು ಕಾಗದ ಹೇಳಲಾರದು.

ಬೆರೆಸುವುದು

ನಮ್ಮ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಗೆ. ಕೈಕಾಲಿಗೆ ಅದು ಸರಿ, ಎಳ್ಳೆಣ್ಣೆಯೂ ಸರಿ. ಮೊಡವೆಯ ಮುಖಕ್ಕೆ ಕೊಬ್ಬರಿ ಎಣ್ಣೆ ರಂಧ್ರ ಮುಚ್ಚೀತು. ಹೊಹೊಬಾ (jojoba) ಎಣ್ಣೆ ವಾಸಿ. ನೀರಿಗೆ ಮಾತ್ರ ಹಾಕಬೇಡಿ. ಸ್ನಾನದ ಬಕೆಟ್ಟಿಗೆ ನಾಲ್ಕು ಹನಿ ಬಿಟ್ಟರೆ ಅದು ಕರಗದೆ ಮೇಲೆ ತೇಲುತ್ತದೆ, ಮೊದಲ ಚೊಂಬಿನಲ್ಲೇ ಹಸಿ ತೈಲ ಮೈಗಂಟುತ್ತದೆ.

ಅಳತೆ ಸುಲಭ: ಐದು ಮಿಲಿಲೀಟರಿನ ಟೀ ಚಮಚ ಎಣ್ಣೆಗೆ ಒಂದು ಹನಿ. ಇದು ಶೇ 1ರ ಆಸುಪಾಸು. 30 ಮಿಲಿಲೀಟರ್ ಮಾಡಿಟ್ಟುಕೊಳ್ಳುವುದಾದರೆ ಆರು ಹನಿ. ಕೈಕಾಲಿಗೆ ಮಾತ್ರವಾದರೆ ಹನ್ನೆರಡರವರೆಗೆ ಹೋಗಬಹುದು. ಸೂಕ್ಷ್ಮ ಚರ್ಮಕ್ಕೆ ಮೂರೇ ಸಾಕು.

ಹನಿ ಬಿಡುವಾಗ ಅವಸರ ಬೇಡ. ಸೀಸೆ ಓರೆ ಮಾಡಿದರೆ ಮೊದಲ ಹನಿ ಎಷ್ಟು ಹೊತ್ತಾದರೂ ಬೀಳುವುದಿಲ್ಲ. ಬೇಸತ್ತು ಅಲುಗಿಸಿದರೆ ಮೂರು ಒಟ್ಟಿಗೆ ಬೀಳುತ್ತವೆ. ನಾನು ಮೊದಲು ಒಣ ಸ್ಟೀಲ್ ಚಮಚಕ್ಕೆ ಎಣಿಸಿ, ಆಮೇಲೆ ಎಣ್ಣೆಗೆ ಸುರಿಯುತ್ತೇನೆ. ಹೆಚ್ಚಾದರೆ ಎಣ್ಣೆಯಷ್ಟನ್ನೂ ಚೆಲ್ಲಬೇಕಾಗುವುದಿಲ್ಲ. ಬಾಟಲಿ ಕಂದು ಬಣ್ಣದ್ದಾಗಿರಲಿ, ಒಳಗೆ ತೇವವಿರಬಾರದು. ಅಲುಗಿಸಬೇಡಿ, ಎರಡೂ ಅಂಗೈ ನಡುವೆ ಹೊರಳಿಸಿ ಬೆರೆಸಿ, ಮೇಲೆ ತಾರೀಕು ಅಂಟಿಸಿ.

ಒಂದು ವಾರ ಕಾಯಿರಿ

ಹತ್ತು ನಿಮಿಷದ ಪರೀಕ್ಷೆಗೆ ಅರ್ಥವಿಲ್ಲ. ಅಲರ್ಜಿ ಕಾಣಿಸಿಕೊಳ್ಳುವುದಕ್ಕೆ ಒಂದೆರಡು ದಿನ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಬೆರೆಸಿದ ಎಣ್ಣೆಯನ್ನು ಮೊಣಕೈಯ ಒಳಮಡಿಕೆಯ ಹತ್ತಿರ, ನಾಣ್ಯದಗಲದಲ್ಲಿ ದಿನಕ್ಕೆರಡು ಸಲದಂತೆ ಏಳು ದಿನ ಹಚ್ಚಿ. ಕೆಂಪಾದರೆ, ತುರಿಸಿದರೆ ಅಲ್ಲಿಗೇ ನಿಲ್ಲಿಸಿ. ಐರೋಪ್ಯ ಒಕ್ಕೂಟದಲ್ಲಿ ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಲಿನಲೂಲ್ ಶೇ 0.001 ಮೀರಿದರೆ ಅದರ ಹೆಸರನ್ನು ಲೇಬಲ್ಲಿನಲ್ಲಿ ಬರೆಯಲೇಬೇಕು. ಅಲರ್ಜಿ ಇರುವವರು ಓದಿ ದೂರವಿರಲಿ ಎಂದು.

ಹಚ್ಚುವ ಹೊತ್ತು

ಸ್ನಾನ ಮಾಡಿ ಒರೆಸಿಕೊಂಡು, ಮೈ ಇನ್ನೂ ತುಸು ಹಸಿಯಿರುವಾಗ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಮಾಗಿಯ ಚಳಿಯಲ್ಲಿ ಒಡೆಯುವ ಹಿಮ್ಮಡಿಗೆ ರಾತ್ರಿ ತಿಕ್ಕಿ ಕಾಲುಚೀಲ ಹಾಕಿಕೊಳ್ಳಿ. ಬಿರುಕಿನಲ್ಲಿ ರಕ್ತ ಜಿನುಗುತ್ತಿದ್ದರೆ ಬೇಡ. ಮುಖಕ್ಕೆ ಮೂರು ನಾಲ್ಕು ಹನಿ ಮಿಶ್ರಣ ಸಾಕು, ಕಣ್ಣಿನ ಸುತ್ತ ಬಿಟ್ಟು. ಇಸುಬು ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ಮಕ್ಕಳಿಗೆ ನಾನಂತೂ ಹಚ್ಚುವುದಿಲ್ಲ. ಇಂಥ ಪದಾರ್ಥ ಬಳಸಿದ ಮೂವರು ಹುಡುಗರಲ್ಲಿ ಎದೆ ಬೆಳೆದ ವರದಿಯೊಂದು 2007ರಲ್ಲಿ ಬಂತು. ತೈಲವೇ ಕಾರಣವೆಂಬುದನ್ನು ಅನಂತರ ಹಲವರು ಒಪ್ಪಲಿಲ್ಲ. ಆದರೂ ಕೂಸಿನ ಮೈಗೆ ಪರಿಮಳದ ಅಗತ್ಯವೇನಿದೆ?

ಸುಟ್ಟಲ್ಲಿ ಹಚ್ಚುವ ಮಾತು ಬಂದರೆ ಎಲ್ಲರೂ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮೊರಿಸ್ ಗಾಟ್‌ಫೋಸೆಯ ಕಥೆ ಹೇಳುತ್ತಾರೆ. 1910ರಲ್ಲಿ ಪ್ರಯೋಗಾಲಯದ ಸ್ಫೋಟದಲ್ಲಿ ಸುಟ್ಟ ಕೈಯನ್ನು ಆತ ಲ್ಯಾವೆಂಡರ್ ತೈಲದ ಪಾತ್ರೆಗೆ ಅದ್ದಿದನಂತೆ. 1937ರ ತನ್ನ ಪುಸ್ತಕದಲ್ಲಿ ಆತನೇ ಬರೆದದ್ದು ಬೇರೆ: ಗಾಯ ಕೊಳೆಯತೊಡಗಿದ ಮೇಲೆ ಲ್ಯಾವೆಂಡರಿನಿಂದ ತೊಳೆದ. ಪ್ರತಿಜೀವಕಗಳು ಬಳಕೆಗೆ ಬಾರದ ಕಾಲದ ಮಾತು ಅದು. ದೋಸೆ ಕಾವಲಿ ತಾಗಿದರೆ ನೀವು ಮಾಡಬೇಕಾದ್ದು ನಲ್ಲಿಯ ತಣ್ಣೀರಿನಡಿ ಇಪ್ಪತ್ತು ನಿಮಿಷ ಕೈ ಹಿಡಿಯುವುದು. ಯಾವ ಎಣ್ಣೆಯೂ ಬೇಡ.

ಇಡುವ ಜಾಗ

ತುಪ್ಪ ಹಳೆಯದಾದಷ್ಟೂ ಔಷಧಿ ಎನ್ನುತ್ತದೆ ಆಯುರ್ವೇದ. ಲ್ಯಾವೆಂಡರ್ ತೈಲದ್ದು ಅದಕ್ಕೆ ತಿರುಗಾಮುರುಗಾ. ಗಾಳಿಯಾಡಿದಂತೆ ಲಿನಲೂಲ್ ಹೈಡ್ರೊಪೆರಾಕ್ಸೈಡುಗಳಾಗಿ ಮಾರ್ಪಡುತ್ತದೆ, ಅವೇ ಚರ್ಮವನ್ನು ಕೆರಳಿಸುವ ಮುಖ್ಯ ಅಪರಾಧಿಗಳು. ವಾಸನೆ ನೋಡಿ ಪತ್ತೆ ಹಚ್ಚುವುದು ಸುಲಭವಲ್ಲ. ಆದ್ದರಿಂದ ಚಿಕ್ಕ ಸೀಸೆ ಕೊಳ್ಳಿ, ತೆರೆದ ದಿನ ಬರೆದಿಡಿ, ಮುಚ್ಚಳ ಬಿಗಿ ಮಾಡಿ ತಂಪಾದ ಕತ್ತಲಲ್ಲಿಡಿ. ನಾನು ವರ್ಷ ದಾಟಿದ್ದನ್ನು ಮೈಗೆ ಮುಟ್ಟಿಸುವುದಿಲ್ಲ.

ಹಾಗೆಂದು ಚೆಲ್ಲಲೂ ಇಲ್ಲ. ಗಲ್ಲ ಕೆಂಪು ಮಾಡಿದ ಆ ಸೀಸೆಯಿಂದ ಹತ್ತಿಯುಂಡೆಗೆ ಎರಡೆರಡು ಹನಿ ಹಾಕಿ, ಸಣ್ಣ ಬಟ್ಟಲಲ್ಲಿಟ್ಟು ಬೀರುವಿನ ಮೂಲೆ ಸೇರಿಸಿದ್ದೇನೆ. ಮೇಲಿನ ಸಾಲಿನಲ್ಲಿ ರೇಷ್ಮೆ ಸೀರೆಗಳಿವೆ, ಅವಕ್ಕೆ ತಗುಲದಂತೆ.