ಭಾರ ಎತ್ತುವ ಮೊದಲು ಸ್ಟ್ರೆಚಿಂಗ್: ಎಷ್ಟು ಸೆಕೆಂಡು, ಯಾವಾಗ?

ಜಿಮ್‌ಗೆ ಬಂದ ಕೂಡಲೇ ನೆಲದ ಮೇಲೆ ಕೂತು, ಕಾಲಿನ ಹೆಬ್ಬೆರಳು ಹಿಡಿದು, ಎರಡು ಮೂರು ನಿಮಿಷ ಅಲ್ಲಾಡದೆ ಇರುವವರನ್ನು ನೋಡಿರುತ್ತೀರಿ. ನಾನೂ ಬಹಳ ದಿನ ಹಾಗೇ ಮಾಡುತ್ತಿದ್ದೆ. ಆಮೇಲೆ ಸ್ಕ್ವಾಟ್‌ಗೆ, ಅಂದರೆ ಭಾರ ಹೊತ್ತು ಕುಕ್ಕರಿಸಿ ಏಳುವುದಕ್ಕೆ, ನಿಂತರೆ ಕಾಲು ಯಾಕೋ ಸಪ್ಪೆ. ರಾತ್ರಿ ನಿದ್ದೆ ಸಾಲಲಿಲ್ಲ ಅಂದುಕೊಂಡು ಸುಮ್ಮನಾಗುತ್ತಿದ್ದೆ.

ಕೈಯಿಂದಲೋ, ಟವೆಲ್‌ನಿಂದಲೋ, ಜೊತೆಗಾರರ ನೆರವಿನಿಂದಲೋ ಎಳೆದು ಹಿಡಿಯುವುದು ಪ್ಯಾಸಿವ್ ಸ್ಟ್ರೆಚಿಂಗ್. ಇಲ್ಲಿ ಸ್ನಾಯು ತಾನಾಗಿ ಏನೂ ಮಾಡುವುದಿಲ್ಲ, ಸುಮ್ನೆ ಎಳೆಸಿಕೊಳ್ಳುತ್ತದೆ. ಇದು ಜಾಸ್ತಿ ಹೊತ್ತಾದರೆ ಬಲ ಸ್ವಲ್ಪ ಸಮಯ ತಗ್ಗುತ್ತದೆ. ಸ್ನಾಯು ಬಿಗಿಯಬೇಕಾದರೆ ಮಿದುಳು, ಬೆನ್ನುಹುರಿಯಿಂದ ಸೂಚನೆ ಬರಬೇಕಲ್ವಾ? ದೀರ್ಘ ಎಳೆತದ ನಂತರ ಆ ಸೂಚನೆಯ ಜೋರು ಇಳಿಯುತ್ತದೆ, ಸ್ನಾಯುವಿನ ನಾರಿನೆಳೆಗಳೆಲ್ಲವೂ ಕೆಲಸಕ್ಕೆ ಇಳಿಯುವುದಿಲ್ಲ. ಜೊತೆಗೆ ಸ್ನಾಯುವೇ ಸಡಿಲವಾಗಿರುತ್ತದೆ. ಜೋತುಬಿದ್ದ ಹಗ್ಗ ಎಳೆದ ಹಾಗೆ: ಮೊದಲ ಜಗ್ಗು ಸಡಿಲ ತೆಗೆಯುವುದಕ್ಕೇ ಹೋಗುತ್ತದೆ.

ಕೆನಡಾದ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೀನಖಂಡವನ್ನು ಸುಮಾರು ಅರ್ಧ ಗಂಟೆ ಎಳೆದಿದ್ದರು. ಬಲ ತಕ್ಷಣ 28% ಕುಸಿಯಿತು. ನರದ ಸೂಚನೆ ಕಾಲು ಗಂಟೆಯಲ್ಲಿ ಬಹುಪಾಲು ಸರಿಹೋಯಿತು. ಆದರೆ ಒಂದು ಗಂಟೆಯ ನಂತರವೂ ಬಲ 9% ಕಡಿಮೆಯೇ ಇತ್ತು. ಅಂದರೆ ಉಳಿದ ಕೊರತೆ ಸ್ನಾಯುವಿನದೇ.

ಅರ್ಧ ಗಂಟೆ ಯಾರು ಎಳೆಯುತ್ತಾರೆ ಬಿಡಿ. ನಮಗೆ ಬೇಕಾದ ಲೆಕ್ಕ ಬೇರೆ. ಒಂದು ಸ್ನಾಯುವಿಗೆ ಒಟ್ಟು 60 ಸೆಕೆಂಡಿನೊಳಗೆ ಮುಗಿಸಿದರೆ ನಷ್ಟ ಸಾಮಾನ್ಯವಾಗಿ 1–2%, ಗೊತ್ತೇ ಆಗುವುದಿಲ್ಲ. ಅದನ್ನು ದಾಟಿದರೆ 4ರಿಂದ 7% ಆಸುಪಾಸು. ಗರಿಷ್ಠ ಭಾರ ಎತ್ತುವವರಿಗೆ, ಎತ್ತರ ಜಿಗಿಯುವವರಿಗೆ ಇದು ದೊಡ್ಡದೇ.

ನಂಬಿಕೆ ಬರದಿದ್ದರೆ ಗೋಡೆಯ ಮೇಲೆ ನೋಡಿ. ಮೊದಲು ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಬೆರಳಿಗೆ ಸೀಮೆಸುಣ್ಣ ಹಚ್ಚಿ, ಗೋಡೆ ಪಕ್ಕ ನಿಂತು ಮೂರು ಸಲ ಜಿಗಿದು ಗುರುತು ಹಾಕಿ. ಈಗ ಎರಡೂ ಮೀನಖಂಡ, ಎರಡೂ ತೊಡೆಯ ಮುಂಭಾಗ, ಪ್ರತಿಯೊಂದನ್ನೂ ಎರಡೆರಡು ನಿಮಿಷ ಎಳೆದು ಹಿಡಿಯಿರಿ. ತಕ್ಷಣ ಮತ್ತೆ ಮೂರು ಸಲ ಜಿಗಿಯಿರಿ. ಎರಡೂ ಸರದಿಯ ಅತಿ ಎತ್ತರದ ಗುರುತನ್ನು ಹೋಲಿಸಿ. ವ್ಯತ್ಯಾಸ ಬೆರಳಗಲದಷ್ಟೇ ಇರಬಹುದು, ಒಮ್ಮೊಮ್ಮೆ ಇಲ್ಲದೆಯೂ ಇರಬಹುದು. ಆದ್ದರಿಂದ ಬೇರೆ ಬೇರೆ ದಿನ ಎರಡು ಮೂರು ಸಲ ಮಾಡಿ.

ಇನ್ನು ಅಭ್ಯಾಸದ ದಿನದ ಕ್ರಮ. ಮೊದಲು ಬಿರುಸಿನ ನಡಿಗೆ ಅಥವಾ ಸೈಕಲ್, ಸಣ್ಣಗೆ ಬೆವರು ಬರುವ ತನಕ. ಯಾವುದಾದರೂ ಜಾಗ ತೀರಾ ಬಿಗಿ ಅನ್ನಿಸಿದರೆ ಮಾತ್ರ ಅಲ್ಲಿ 20–30 ಸೆಕೆಂಡು ಎಳೆಯಿರಿ. ಎಳೆತ ಹಿತವಾಗಿ ತಿಳಿಯಬೇಕು, ಮುಖ ಕಿವುಚುವಷ್ಟು ಬೇಡ. ಕೂಡಲೇ ಕಾಲು ಬೀಸುವುದು, ಹೆಜ್ಜೆ ಹಾಕುತ್ತಾ ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಮಡಚಿ ತಗ್ಗುವುದು), ಮಂಡಿ ಎತ್ತಿ ಓಡುವುದು, ಇವನ್ನು ಐದಾರು ನಿಮಿಷ ಮಾಡಿ. ತಗ್ಗಿದ ಚುರುಕು ಇಲ್ಲಿ ಬಹುತೇಕ ವಾಪಸ್ ಬರುತ್ತದೆ. ಈ ಹಂತ ಬಿಡುವವರೇ ಹೆಚ್ಚು. ಕೊನೆಗೆ ತೂಕ ಹಾಕದ ಖಾಲಿ ಬಾರ್ (ಭಾರ ಎತ್ತುವ ಸರಳು), ಆಮೇಲೆ ಅರ್ಧ ಭಾರ, ಆಮೇಲೆ ನಿಜವಾದ ಸೆಟ್.

ನೃತ್ಯ, ಜಿಮ್ನಾಸ್ಟಿಕ್ಸ್ ಮಾಡುವವರ ಮಾತು ಬೇರೆ. ಅವರಿಗೆ ಕಾಲು ಪೂರ್ತಿ ಚಾಚಲೇಬೇಕು, ಒಂದೆರಡು ಶೇಕಡಾ ಬಲ ಹೋದರೂ ಪರವಾಗಿಲ್ಲ.

ದೀರ್ಘ ಸ್ಟ್ರೆಚಿಂಗ್ ಇಷ್ಟವಿದ್ದರೆ ಅಭ್ಯಾಸ ಮುಗಿದ ಮೇಲೆ ಅಥವಾ ಸಂಜೆ ಬೇರೆಯಾಗಿ ಮಾಡಿ. ಮರುದಿನದ ಮೈಕೈ ನೋವನ್ನು ಅದು ಹೇಳಿಕೊಳ್ಳುವಷ್ಟು ತಗ್ಗಿಸುವುದಿಲ್ಲ, ಆ ಆಸೆ ಬೇಡ. ಆದರೆ ವಾರಗಟ್ಟಲೆ ಮಾಡಿದರೆ ಬಲ ಕುಂದುತ್ತದೆ ಅನ್ನುವ ಭಯವೂ ಬೇಡ. ಈ ನಷ್ಟ ಆ ಹೊತ್ತಿನದು ಮಾತ್ರ. ನಾನೀಗ ಸ್ಕ್ವಾಟ್ ಮುಗಿಸಿ ಹೆಬ್ಬೆರಳು ಹಿಡಿಯುತ್ತೇನೆ, ಎಷ್ಟು ಹೊತ್ತು ಬೇಕಾದರೂ.